ವಾರಕ್ಕೆ ಎಷ್ಟು ನಿಮಿಷ ಒಬ್ಬಳೇ ಹಾಡುತ್ತಾಳೆ?

ಪಿಯುಸಿ ಫಲಿತಾಂಶ ಬಂದ ವಾರದಿಂದ ಜೂನ್ ಮುಗಿಯುವತನಕ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಿಂದೂಸ್ತಾನಿ ಸಂಗೀತದ ಮನೆಗಳಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿರುತ್ತದೆ. ಹುಡುಗಿಗೆ ದನಿ ಇದೆ, ಏಳೆಂಟು ವರ್ಷ ಕಲಿತಿದ್ದಾಳೆ, ಈಗ ಯಾವ ಕಾಲೇಜಿಗೆ ಸೇರಿಸುವುದು? ಉತ್ತರಗಳೂ ಪ್ರತಿ ವರ್ಷ ಅವೇ. ಒಬ್ಬರು ಧಾರವಾಡ ಅನ್ನುತ್ತಾರೆ, ಇನ್ನೊಬ್ಬರು ಪುಣೆ ಬಿಟ್ಟರೆ ಬೇರೆ ಮಾತೇ ಇಲ್ಲ ಅನ್ನುತ್ತಾರೆ, ಮೂರನೆಯವರು ಬನಾರಸದ ಹೆಸರು ತೆಗೆದು ಎಲ್ಲರ ಬಾಯಿ ಮುಚ್ಚಿಸುತ್ತಾರೆ. ಯಾವ ಕಾಲೇಜಿನಲ್ಲಿ ಯಾವ ದೊಡ್ಡ ಗವಾಯಿಗಳು ಕಲಿಸಿದ್ದರು, ಯಾವ ಘರಾಣೆ (ಗಾಯನ ಪರಂಪರೆ) ನಡೆಯುತ್ತದೆ, ಪದವಿಗೆ ಬೆಲೆ ಎಷ್ಟು ಎಂಬುದೆಲ್ಲ ಚರ್ಚೆಯಾಗುತ್ತದೆ. ಕೇಳಲೇಬೇಕಾದ ಒಂದು ಪ್ರಶ್ನೆ ಮಾತ್ರ ಯಾರ ಬಾಯಿಗೂ ಬರುವುದಿಲ್ಲ: ಅಲ್ಲಿ ಆ ಹುಡುಗಿ ವಾರಕ್ಕೆ ಎಷ್ಟು ನಿಮಿಷ ಒಬ್ಬಳೇ, ಗುರುಗಳ ಎದುರಿಗೆ ಕೂತು, ತನ್ನ ಪಟ್ಟಿಯಲ್ಲಿ, ಅಂದರೆ ತನ್ನ ದನಿಗೆ ಹೊಂದುವ ಶ್ರುತಿಯಲ್ಲಿ, ಹಾಡುತ್ತಾಳೆ?

ಲೆಕ್ಕ ಹಾಕಿ ನೋಡಿ. ಐವತ್ತು ನಿಮಿಷದ ಪಿರಿಯಡ್, ತರಗತಿಯಲ್ಲಿ 14 ವಿದ್ಯಾರ್ಥಿಗಳು. ಹಾಜರಿ ಹಾಕಿ ತಂಬೂರಿ ಕೂಡಿಸುವಷ್ಟರಲ್ಲಿ ಹತ್ತು ನಿಮಿಷ ಹೋಗಿರುತ್ತದೆ. ಉಳಿದ ನಲವತ್ತನ್ನು ಹಂಚಿದರೆ ತಲೆಗೆ ಮೂರು ನಿಮಿಷವೂ ಬರುವುದಿಲ್ಲ. ವಾರಕ್ಕೆ ಐದು ಪಿರಿಯಡ್ ಹಿಡಿದರೂ ಹದಿನಾಲ್ಕು ನಿಮಿಷ. ಹನ್ನೆರಡು ಮಾತ್ರೆಯ ಏಕತಾಲವನ್ನು ವಿಲಂಬಿತದಲ್ಲಿ, ಅಂದರೆ ನಿಧಾನಗತಿಯಲ್ಲಿ, ಮಾತ್ರೆಗೆ ನಾಲ್ಕು ಸೆಕೆಂಡು ಹಿಡಿದರೆ ತಾಳದ ಒಂದು ಸುತ್ತಿಗೆ, ಅಂದರೆ ಒಂದು ಆವರ್ತನಕ್ಕೆ, 48 ಸೆಕೆಂಡು ಬೇಕು. ಅಂದರೆ ಅವಳ ಪಾಲಿನ ಮೂರು ನಿಮಿಷದಲ್ಲಿ ಮೂರು ಆವರ್ತನ. ಮೊದಲನೆಯದು ಸ್ಥಾಯಿ (ಹಾಡಿನ ಮೊದಲ ಭಾಗ) ಹಾಡುವುದರಲ್ಲೇ ಮುಗಿಯುತ್ತದೆ. ಎರಡನೆಯದರಲ್ಲಿ ಷಡ್ಜದ (ಸಾ) ಸುತ್ತ ನಾಲ್ಕು ಸ್ವರ ಹಾಕುವಷ್ಟರಲ್ಲಿ ಮುಖಡಾ (ಹಾಡಿನ ಮೊದಲ ತುಣುಕು) ಹಿಡಿಯುವ ಹೊತ್ತು ಬರುತ್ತದೆ. ಮೂರನೆಯದರಲ್ಲಿ ಗಂಧಾರ ಸ್ವಲ್ಪ ಇಳಿಯಿತು ಎಂದು ಗುರುಗಳಿಗೆ ಗೊತ್ತಾಗಿ, ಅವರು ಕೈ ಎತ್ತಿ ತಡೆದು, ತಾವು ಹಾಡಿ ತೋರಿಸಿ, ಮತ್ತೆ ಹಾಡಿಸುವ ಹೊತ್ತಿಗೆ ಪಕ್ಕದವಳ ಪಾಳಿ. ರಾಗವನ್ನು ಹಂತ ಹಂತವಾಗಿ ಬೆಳೆಸುವ ಬಢತ್ ಎಂಬುದನ್ನು ಹೀಗೆ ಯಾರಿಗೂ ಕಲಿಸಲಾಗುವುದಿಲ್ಲ. ಕಲಿಸುವವರು ಎಷ್ಟೇ ದೊಡ್ಡವರಿರಲಿ, ಗಡಿಯಾರ ಒಪ್ಪುವುದಿಲ್ಲ.

ಇದೇ ಹುಡುಗಿ ಬೆಳಗಾವಿಯ ಟಿಳಕವಾಡಿಯಲ್ಲೋ ಬಾಗಲಕೋಟೆಯ ನವನಗರದಲ್ಲೋ ಒಬ್ಬ ಗುರುಗಳ ಮನೆಗೆ ವಾರಕ್ಕೆ ಎರಡು ದಿನ, ಒಂದೊಂದು ತಾಸಿನ ಪಾಠಕ್ಕೆ ಹೋಗುತ್ತಿದ್ದಾಳೆ, ಜೊತೆಗೆ ಇನ್ನಿಬ್ಬರಿದ್ದಾರೆ ಎಂದುಕೊಳ್ಳಿ. ಅಲ್ಲಿ ಅವಳ ಪಾಲಿಗೆ ವಾರಕ್ಕೆ ನಲವತ್ತು ನಿಮಿಷ. ಹಾಗಾದರೆ ಕಾಲೇಜು ಬೇಡವೇ ಎಂದರೆ, ಹಾಗೂ ಹೇಳಲು ಬರುವುದಿಲ್ಲ. ದಿನಾ ನಾಲ್ಕೈದು ತಾಸು ಸಂಗೀತದ ನಡುವೆಯೇ ಇರುವುದು, ತಬಲಾದವರು ಕೈಗೆ ಸಿಗುವುದು, ಜೊತೆಯವರು ಹಾಡುವುದನ್ನು ಕೇಳುವುದು, ಗ್ರಂಥಾಲಯ, ಹಳೆಯ ಧ್ವನಿಮುದ್ರಣ, ಆಮೇಲೆ ಕೈಗೆ ಬರುವ ಪದವಿ: ಇವು ಊರಿನ ಪಾಠದಲ್ಲಿ ಸಿಗುವುದಿಲ್ಲ. ಆದರೆ ದನಿ ತಯಾರಾಗುವುದು ಆ ಎದುರಾಬದುರು ನಿಮಿಷಗಳಲ್ಲೇ. ಎರಡು ಕಾಲೇಜುಗಳ ನಡುವೆ ಆರಿಸುವಾಗ ಮೊದಲು ಈ ಸಂಖ್ಯೆ ಕೇಳಿ. ಹೇಳಲು ಹಿಂಜರಿದರೆ ವೇಳಾಪಟ್ಟಿಯನ್ನೂ ವಿದ್ಯಾರ್ಥಿಗಳ ಸಂಖ್ಯೆಯನ್ನೂ ಕೇಳಿ ತೆಗೆದುಕೊಳ್ಳಿ. ಭಾಗಾಕಾರ ನೀವೇ ಮಾಡಬಹುದು.

ಯಾರ ಷಡ್ಜ?

ನಿಮಿಷಕ್ಕಿಂತ ಕೆಟ್ಟದಾಗಿ ದನಿ ಹಾಳು ಮಾಡುವುದು ಪಟ್ಟಿ. ಹಾರ್ಮೋನಿಯಂನ ಬಿಳಿ, ಕರಿ ಮನೆಗಳ ಎಣಿಕೆಯಲ್ಲಿ ಹೇಳುವುದಾದರೆ, ಹುಡುಗರು ಸಾಮಾನ್ಯವಾಗಿ ಬಿಳಿ ಏಳರಿಂದ ಕರಿ ಎರಡರ ನಡುವೆ, ಹೆಚ್ಚಿನವರು ಕರಿ ಒಂದರಲ್ಲಿ ಹಾಡುತ್ತಾರೆ. ಹುಡುಗಿಯರದು ಕರಿ ಮೂರರಿಂದ ಕರಿ ಐದು, ಹೆಚ್ಚಿನವರಿಗೆ ಕರಿ ನಾಲ್ಕು. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿ ಒಂದೇ ಷಡ್ಜ ಕೊಟ್ಟರೆ ಯಾರಾದರೊಬ್ಬರು ಗಂಟಲು ಹರಿದುಕೊಳ್ಳಬೇಕು. ಕಲಿಸುವವರು ಗಂಡಸರು, ಕರಿ ಒಂದು ಹಿಡಿದಿದ್ದಾರೆ ಎನ್ನಿ. ಕರಿ ನಾಲ್ಕರ ಹುಡುಗಿಗೆ ಆ ಗುಂಪಿನ ತಾರ (ಮೇಲಿನ ಸಪ್ತಕದ) ಷಡ್ಜವೇ ತನ್ನ ತಾರ ಮಧ್ಯಮ. ಇತರರು ಆರಾಮಾಗಿ ತಾರ ಷಡ್ಜದಲ್ಲಿ ನಿಂತಾಗ ಅವಳು ತನ್ನ ದನಿಯ ಅಂಚಿನಲ್ಲಿ ನಿಂತಿರುತ್ತಾಳೆ. ಅದರ ಮೇಲಿನ ಗಂಧಾರಕ್ಕೆ ಹೋಗಬೇಕೆಂದರೆ ದನಿ ತೆಳ್ಳಗೆ ಮಾಡಿ ಕಳ್ಳದನಿಯಲ್ಲಿ ಮುಟ್ಟಬೇಕು. ತಿರುಗಿಸಿ ನೋಡಿದರೆ, ಕಲಿಸುವವರು ಹೆಂಗಸರು, ಷಡ್ಜ ಕರಿ ನಾಲ್ಕು. ಆಗ ಕರಿ ಒಂದರ ಹುಡುಗನಿಗೆ ಮಧ್ಯ ಷಡ್ಜವೇ ತನ್ನ ಪಂಚಮ, ತಾರ ಷಡ್ಜ ತನ್ನ ತಾರ ಪಂಚಮ. ಪಾಠದುದ್ದಕ್ಕೂ ಅವನು ಹಾಡುವುದಿಲ್ಲ, ಕೂಗುತ್ತಾನೆ. ಕೂಗಲಾರದವನು ಒಂದು ಸಪ್ತಕ ಕೆಳಗೆ ಗೊಣಗುತ್ತಾನೆ. ಎರಡು ವರ್ಷ ಹೀಗೆ ನಡೆದರೆ ಒಬ್ಬನ ದನಿ ಒರಟಾಗಿರುತ್ತದೆ, ಇನ್ನೊಬ್ಬನದು ತೆರೆದೇ ಇರುವುದಿಲ್ಲ.

ಇದನ್ನು ತಪ್ಪಿಸುವುದು ಕಷ್ಟವೇನಲ್ಲ. ಪ್ರಾಯೋಗಿಕ ಪಾಠಕ್ಕೆ ಪಟ್ಟಿಯ ಪ್ರಕಾರ ಗುಂಪು ಮಾಡಿ ಬೇರೆ ದಿನ, ಬೇರೆ ಹೊತ್ತು ಕೊಟ್ಟರೆ ಸಾಕು. ಹಾಗೆ ಮಾಡುವ ವಿಭಾಗಗಳಿವೆ. ಮಾಡದವರು ಹೇಳುವ ಕಾರಣ ಸಾಮಾನ್ಯವಾಗಿ ಕೋಣೆ ಇಲ್ಲ, ತಬಲಾದವರು ಒಬ್ಬರೇ ಎಂಬುದು. ಕಾರಣ ನಿಜವೇ ಇರಬಹುದು. ಗಂಟಲಿಗೆ ಅದರಿಂದ ಏನೂ ಉಪಯೋಗವಿಲ್ಲ.

ತನ್ನ ಪಟ್ಟಿ ಯಾವುದು ಎಂದು ಮಗುವಿಗೆ ಖಚಿತವಾಗಿ ಗೊತ್ತಿರಬೇಕು. ಮಂದ್ರ (ಕೆಳಗಿನ ಸಪ್ತಕದ) ಪಂಚಮ ಕೇಳುವಂತೆ ನಿಲ್ಲಬೇಕು, ತಾರ ಗಂಧಾರದಲ್ಲಿ ಕುತ್ತಿಗೆಯ ನರ ಉಬ್ಬದೆ ಒಂದು ಉಸಿರು ನಿಲ್ಲಲು ಬರಬೇಕು, ತಾರ ಪಂಚಮ ಮುಟ್ಟಿ ಬರುವಂತಿರಬೇಕು. ಈ ಮೂರೂ ಆಗುವ ಜಾಗವೇ ಪಟ್ಟಿ. ಹುಡುಗರಲ್ಲಿ ದನಿ ಒಡೆದ ಮೇಲೆ ಇದು ನಿಲ್ಲಲು ವರ್ಷ, ಎರಡು ವರ್ಷ ಹಿಡಿಯುತ್ತದೆ. ಎಂಟನೇ ಇಯತ್ತೆಯಲ್ಲಿ ಕರಿ ನಾಲ್ಕರಲ್ಲಿ ಬಹುಮಾನ ಗೆದ್ದ ಹುಡುಗ ಹತ್ತರಲ್ಲಿ ಕರಿ ಒಂದಕ್ಕೆ ಇಳಿದಿರುತ್ತಾನೆ. ಆ ಇಳಿತವನ್ನು ಒಪ್ಪದೆ ಹಳೆಯ ಪಟ್ಟಿಯನ್ನೇ ಹಿಡಿದುಕೊಂಡವರ ದನಿಯೇ ಹೆಚ್ಚು ಕೆಡುತ್ತದೆ. (ಇನ್ನೊಂದು ರೋಗ ನಮ್ಮ ಭಾಗದ ಹುಡುಗಿಯರದು: ಗಾಯಕಿ ಗಂಗೂಬಾಯಿ ಹಾನಗಲ್ ಅವರ ದನಿಯ ಗಾಂಭೀರ್ಯಕ್ಕೆ ಮನಸೋತು ಬೇಕೆಂದೇ ಕೆಳಗಿನ ಪಟ್ಟಿ ಹಿಡಿಯುವುದು. ಅವರ ದನಿ ಇಳಿದದ್ದು ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ. ಇಳಿದ ದನಿಯಲ್ಲೇ ಅವರು ಗಾಯನ ಕಟ್ಟಿದರು. ಇಳಿಯದ ದನಿಯನ್ನು ಇಳಿಸಲು ಹೋದರೆ ಮಂದ್ರವೂ ಬರುವುದಿಲ್ಲ, ತಾರವೂ ಹೋಗುತ್ತದೆ.)

ಪ್ರವೇಶ ಪರೀಕ್ಷೆಯ ಕೋಣೆ

ಈ ಪಟ್ಟಿಯ ವಿಷಯ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಪ್ರವೇಶ ಪರೀಕ್ಷೆಯ ದಿನ. ಸಂಗೀತ ವಿಭಾಗದ ಹೊರಗೆ ಬೆಂಚಿನ ಮೇಲೆ ಜಮಖಂಡಿ, ಮುಧೋಳ, ಸಿಂದಗಿ, ಗೋಕಾಕದಿಂದ ಬೆಳಗಿನ ಬಸ್ಸಿಗೆ ಬಂದ ಅಪ್ಪ ಮಗಳು ಕೂತಿರುತ್ತಾರೆ. ಒಳಗೆ ಮೂವರು ಪರೀಕ್ಷಕರು, ಒಬ್ಬರು ಪೇಟಿಯವರು (ಹಾರ್ಮೋನಿಯಂ ನುಡಿಸುವವರು), ಒಬ್ಬರು ತಬಲಾದವರು. ಹುಡುಗಿ ಒಳಗೆ ಬರುತ್ತಾಳೆ, ನಮಸ್ಕಾರ ಮಾಡಿ ಕೂರುತ್ತಾಳೆ. ಪೇಟಿಯವರು ಕೇಳುತ್ತಾರೆ: "ಯಾವ ಪಟ್ಟಿ ಹಿಡೀಲಿ, ತಂಗಿ?" ಅವಳು ಸಂಕೋಚದಿಂದ, "ಯಾವುದಿದ್ರೂ ನಡಿತೈತ್ರಿ ಸರ."

ಅಲ್ಲಿಗೆ ಅರ್ಧ ಪರೀಕ್ಷೆ ಮುಗಿಯಿತು. ಹಿಂದಿನ ಹುಡುಗಿ ಕರಿ ಐದರಲ್ಲಿ ಹಾಡಿ ಹೋಗಿದ್ದಾಳೆ, ತಂಬೂರಿ, ತಬಲಾ ಅಲ್ಲೇ ಕೂಡಿವೆ, ಅದೇ ಮುಂದುವರಿಯುತ್ತದೆ. ಈ ಹುಡುಗಿ ಮನೆಯಲ್ಲಿ ಹಾಡುವುದು ಬಿಳಿ ಐದರಲ್ಲಿ. ಯಮನ್ ಎತ್ತುತ್ತಾಳೆ, ಮಧ್ಯ ಸಪ್ತಕ ಚೆನ್ನಾಗಿಯೇ ಹೋಗುತ್ತದೆ. ಅಂತರಾಕ್ಕೆ (ಹಾಡಿನ ಎರಡನೆಯ ಭಾಗಕ್ಕೆ) ಬಂದು ತಾರ ಗಂಧಾರ ಮುಟ್ಟಬೇಕಾದಾಗ ಅದು ಅವಳ ಮನೆಯ ತಾರ ಪಂಚಮ. ದನಿ ಸೀಳುತ್ತದೆ. ಪರೀಕ್ಷಕರು ಮುಖ ನೋಡಿಕೊಂಡು "ಮೇಲೆ ದನಿ ಇಲ್ಲ" ಎಂದು ಬರೆದುಕೊಳ್ಳುತ್ತಾರೆ. ಅಪ್ಪ ಹೊರಗೆ ಕೇಳುತ್ತಾನೆ, "ಹೆಂಗಾತವಾ?" ಅವಳು ಹೇಳುತ್ತಾಳೆ, "ಗಂಟಲಾ ಕೂತಿತ್ತರಿ ಅಪ್ಪಾಜಿ, ಬಸ್ಸಿನ್ಯಾಗ ಗಾಳಿ ಬಡೀತು."

ಗಾಳಿಯದೇನೂ ತಪ್ಪಿಲ್ಲ. "ಬಿಳಿ ಐದು ಕೊಡ್ರಿ ಸರ" ಎಂದಿದ್ದರೆ ತಬಲಾದವರು ಇನ್ನೊಂದು ತಬಲಾ ಎತ್ತಿಕೊಳ್ಳುತ್ತಿದ್ದರು, ಎರಡು ನಿಮಿಷ ಹೆಚ್ಚು ಹೋಗುತ್ತಿತ್ತು, ಅಷ್ಟೆ. ಯಾವ ಪರೀಕ್ಷಕರೂ ಅದಕ್ಕೆ ಅಂಕ ಕಳೆಯುವುದಿಲ್ಲ. ಪಟ್ಟಿ ಹೇಳಲು ಬರುವ ವಿದ್ಯಾರ್ಥಿಯನ್ನು ಕಂಡರೆ ಒಳ್ಳೆಯ ಪರೀಕ್ಷಕರಿಗೆ ಸಮಾಧಾನವೇ ಆಗುತ್ತದೆ.

ಇನ್ನುಳಿದ ತಯಾರಿ ಸರಳ. ಕಲಿತ ಅತಿ ಕಠಿಣ ರಾಗ ಹಾಡಬಾರದು. ಯಮನ್, ಭೂಪ, ಭೀಮಪಲಾಸ, ಬಿಹಾಗ್ ಇಂಥದ್ದರಲ್ಲಿ ಒಂದು ವಿಲಂಬಿತ, ಒಂದು ದ್ರುತ ಸಾಕು. ಮೊದಲ ನಿಮಿಷದಲ್ಲೇ ತಾನು (ವೇಗದ ಸ್ವರಸರಣಿ) ಹೊಡೆಯುವುದು ಬೇಡ. ಷಡ್ಜ ಹಚ್ಚಿ ಅದರಲ್ಲಿ ನಿಂತು ತೋರಿಸುವುದೇ ಅಲ್ಲಿ ಎಲ್ಲಕ್ಕಿಂತ ದೊಡ್ಡ ಗುಣ. ಆಮೇಲೆ ಸಾಮಾನ್ಯವಾಗಿ ಎರಡು ಕೆಲಸ ಮಾಡಿಸುತ್ತಾರೆ. ಒಬ್ಬರು ಒಂದು ಸ್ವರಗುಚ್ಛ ಹಾಡಿ ಅದನ್ನೇ ತಿರುಗಿ ಹಾಡು ಎನ್ನುತ್ತಾರೆ, ಇದು ಕಿವಿಯ ಪರೀಕ್ಷೆ. ಇನ್ನೊಬ್ಬರು ಝಪತಾಲವೋ ರೂಪಕವೋ ಕೈಯಲ್ಲಿ ಹಾಕುತ್ತ ಠೇಕಾ (ತಾಳದ ತಬಲಾ ಬೋಲು) ಹೇಳಿಸುತ್ತಾರೆ, ತಬಲಾ ನುಡಿಯುತ್ತಿರುವಾಗ ಸಮ್ (ತಾಳದ ಮೊದಲ ಮಾತ್ರೆ) ಎಲ್ಲಿ ಎಂದು ಕೇಳುತ್ತಾರೆ. ಮೊಬೈಲ್ ಆ್ಯಪಿನ ತಬಲಾದ ಜೊತೆಗೆ ಮಾತ್ರ ಹಾಡಿ ರೂಢಿಯಾದವರು ಇಲ್ಲಿ ತಪ್ಪುತ್ತಾರೆ. ಆ್ಯಪ್ ಪರದೆಯ ಮೇಲೆ ಮಾತ್ರೆ ತೋರಿಸುತ್ತದೆ, ಕಣ್ಣು ಎಣಿಸುತ್ತದೆ, ಕಿವಿ ಮಲಗಿರುತ್ತದೆ. ಪ್ರವೇಶಕ್ಕೆ ಎರಡು ತಿಂಗಳ ಮೊದಲಾದರೂ ಜೀವಂತ ತಬಲಾದವರ ಜೊತೆ ಕೂರಬೇಕು.

ಸುಮ್ಮನೆ ಒಂದು ಬುಧವಾರ ಹೋಗಿ

ಕಾಲೇಜು ನೋಡಲು ವಾರ್ಷಿಕೋತ್ಸವದ ದಿನ, ಪುಣ್ಯತಿಥಿಯ ದಿನ ಹೋಗಬೇಡಿ. ಆ ದಿನ ಎಲ್ಲರ ತಂಬೂರಿಯೂ ಕೂಡಿರುತ್ತದೆ. ನಡುವಾರದ ಯಾವುದಾದರೂ ದಿನ ಅನುಮತಿ ಕೇಳಿಕೊಂಡು ಒಂದು ಪಿರಿಯಡ್ ಹಿಂದೆ ಕೂರಿ. ಅಲ್ಲಿ ಮೊದಲು ನೋಡಬೇಕಾದ್ದು ತಂಬೂರಿ. ತಂತಿಗೆ ತುಕ್ಕು ಹಿಡಿದು ಗೋಡೆಗೆ ಒರಗಿದ್ದರೆ ಅದು ಅಲಂಕಾರಕ್ಕಿದೆ, ಪಾಠ ಎಲೆಕ್ಟ್ರಾನಿಕ್ ಪೆಟ್ಟಿಗೆಯಲ್ಲಿ ನಡೆಯುತ್ತದೆ ಎಂದರ್ಥ. ಪೆಟ್ಟಿಗೆಯಿಂದ ರಿಯಾಜಿಗೆ (ದಿನದ ಅಭ್ಯಾಸಕ್ಕೆ) ತೊಂದರೆಯಿಲ್ಲ. ಆದರೆ ಮೂರು ವರ್ಷ ಕಾಲೇಜಿನಲ್ಲಿ ಓದಿ, ಮೊದಲ ತಂತಿಯನ್ನು ಪಂಚಮಕ್ಕೂ, ಮಾಲಕಂಸಕ್ಕೆ ಮಧ್ಯಮಕ್ಕೂ, ಮಾರವಾ, ಪೂರಿಯಾಗಳಿಗೆ ನಿಷಾದಕ್ಕೂ ತಾನೇ ಕೂಡಿಸಿಕೊಳ್ಳಲು ಬಾರದ, ತಂತಿ ಕೂರುವ ಕುದುರೆಯ ಮೇಲೆ ದಾರ ಸರಿಸಿ ಜವಾರಿ (ತಂತಿಯ ಝೇಂಕಾರ) ತೆರೆಯಲು ಬಾರದ ಗಾಯಕಿ ಹೊರಬಂದರೆ ಅವಳ ಕಿವಿಗೆ ಯಾರೂ ಕೆಲಸ ಕೊಟ್ಟಿಲ್ಲ ಎಂದೇ ಲೆಕ್ಕ. ತಂಬೂರಿ ಕೂಡಿಸಿದವರು ಯಾರು ನೋಡಿ. ವಿದ್ಯಾರ್ಥಿಗಳು ಕೂಡಿಸಿ ಗುರುಗಳು ತಿದ್ದಿದರೆ ಒಳ್ಳೆಯ ಜಾಗ.

ಎರಡನೆಯದು ಪೇಟಿ. ಗುರುಗಳು ವಿದ್ಯಾರ್ಥಿ ಹಾಡುವ ಪ್ರತಿ ಸ್ವರಕ್ಕೂ ಪೇಟಿ ಒತ್ತುತ್ತಿದ್ದರೆ ಆ ದನಿ ಊರುಗೋಲಿಗೆ ಒಗ್ಗಿದೆ. ಪೇಟಿಯಲ್ಲಿ ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿರುತ್ತಾರೆ. ಅದರ ಶುದ್ಧ ಗಂಧಾರ ತಂಬೂರಿಯ ಖರಜದಿಂದ (ಮಂದ್ರ ಷಡ್ಜದಿಂದ) ಹುಟ್ಟುವ ಗಂಧಾರಕ್ಕಿಂತ ಸ್ವಲ್ಪ ಏರಿರುತ್ತದೆ, ಸುಮಾರು 14 ಸೆಂಟ್. ಅಂದರೆ ಒಂದು ಅರ್ಧಸ್ವರದ ಏಳನೆಯ ಒಂದು ಭಾಗ. ದಿನಾ ಪೇಟಿಗೆ ಹೊಂದಿಸಿ ಹಾಡಿದವರ ಭೂಪದ ಗಂಧಾರ ತಂಬೂರಿ ಮಾತ್ರ ಇದ್ದಾಗ ಚುಚ್ಚುತ್ತದೆ, ಯಾಕೆ ಎಂದು ಅವರಿಗೇ ತಿಳಿಯುವುದಿಲ್ಲ. ಪಾಠದಲ್ಲಿ ಪೇಟಿ ಮುಚ್ಚಿಟ್ಟು ಕಲಿಸುವವರು ಸಿಕ್ಕರೆ ಕಟ್ಟಡ ಹಳೆಯದಾದರೂ ಚಿಂತೆಯಿಲ್ಲ.

ಮೂರನೆಯದಾಗಿ, ಕೊನೆಯ ವರ್ಷದವರೊಬ್ಬರ ಹಾಡು ಕೇಳಬೇಕು. ರ‍್ಯಾಂಕ್ ಬಂದವಳ ಹಾಡು ಕೇಳಿಸುತ್ತಾರೆ, ಅದು ಉಪಯೋಗವಿಲ್ಲ. ಅವಳು ಎಲ್ಲಿದ್ದರೂ ಹಾಡುತ್ತಿದ್ದಳು. ನಡುವಿನ ಸಾಲಿನ ಹುಡುಗನೊಬ್ಬನನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿ, ಅವನ ರಿಯಾಜಿನ ಹೊತ್ತಿಗೆ ಬಾಗಿಲ ಹೊರಗೆ ನಿಲ್ಲಿ. ಮೂರು ವರ್ಷದ ಪಾಠ ಸಾಮಾನ್ಯ ದನಿಗೆ ಏನು ಮಾಡಿದೆ ಎಂಬುದು ಅಲ್ಲಿ ಕೇಳುತ್ತದೆ. ಮಾತಾಡುವಾಗಲೂ ಹಲವರ ದನಿ ಒಡೆದಿದ್ದರೆ, ಗಂಟಲು ಸರಿಮಾಡಿಕೊಳ್ಳುತ್ತಲೇ ಮಾತಾಡುತ್ತಿದ್ದರೆ, ಸುಮ್ಮನೆ ಬಸ್‌ಸ್ಟ್ಯಾಂಡಿಗೆ ನಡೆಯಿರಿ.

ಇನ್ನು ಹಾಸ್ಟೆಲ್. ಬೆಳಿಗ್ಗೆ ಐದಕ್ಕೆ ಎದ್ದು ಖರಜ ಹಚ್ಚಲು ಜಾಗ ಇದೆಯೇ ಎಂದು ವಾರ್ಡನ್ನರನ್ನು ನೇರ ಕೇಳಬೇಕು. ಬೇರೆ ಕೋರ್ಸಿನವರ ಜೊತೆಗೆ ಮೂವರಿಗೆ ಒಂದು ಕೋಣೆ ಕೊಟ್ಟರೆ ಮೊದಲ ವಾರವೇ ಜಗಳ. ಟೆರೇಸು, ಊಟದ ಹಾಲ್, ಸಂಗೀತ ವಿಭಾಗದ ಬೀಗದ ಕೈ, ಏನಾದರೊಂದು ಸಿಗಬೇಕು. ರಿಯಾಜಿಗೆ ಜಾಗವಿಲ್ಲದ ಹಾಸ್ಟೆಲ್ ಇದ್ದರೆ ಊರಿನ ದೊಡ್ಡ ಹೆಸರಿಗೆ ಅರ್ಥವಿಲ್ಲ. ಬೆಳಗಾವಿಯಿಂದ ಧಾರವಾಡಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವವರಿದ್ದಾರೆ, ಹೋಗಿ ಬರಲು ಮೂರು ನಾಲ್ಕು ತಾಸು ಬೇಕು. ಆ ತಾಸುಗಳು ಬೇರೆಲ್ಲಿಂದಲೂ ಬರುವುದಿಲ್ಲ, ರಿಯಾಜಿನಿಂದಲೇ ಹೋಗುತ್ತವೆ. ಮೇಲೆ ಬಸ್ಸಿನ ಸದ್ದಿನಲ್ಲಿ ಗೆಳತಿಯರ ಜೊತೆ ಏರುದನಿಯ ಹರಟೆ ಬೇರೆ, ಗಂಟಲಿಗೆ ತಾನಿಗಿಂತ ಅದೇ ಹೆಚ್ಚು ಭಾರ. ವಿಜಯಪುರದ ಬೇಸಿಗೆಯಲ್ಲಿ ಫ್ಯಾನು ಹಾಕದೆ ಕೂರಲಾಗುವುದಿಲ್ಲ, ಹಾಕಿದರೆ ತಂಬೂರಿ ಕೇಳುವುದಿಲ್ಲ, ಗಾಳಿಗೆ ಗಂಟಲು ಒಣಗುತ್ತದೆ. ಹೊತ್ತು ಬದಲಿಸಿ ನಸುಕಿನಲ್ಲಿ ಮುಗಿಸುವುದೊಂದೇ ದಾರಿ.

ರೊಟ್ಟಿ, ಕೆಂಪು ಖಾರ ಬಿಡಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಖಾರಕ್ಕಿಂತ ರಾತ್ರಿ ಹತ್ತೂವರೆಗೆ ಉಂಡು ಹನ್ನೊಂದಕ್ಕೆ ಮಲಗುವುದು ಕೆಟ್ಟದ್ದು. ಹೊಟ್ಟೆಯ ಹುಳಿ ಮೇಲೆ ಬಂದು ಧ್ವನಿತಂತುಗಳಿಗೆ ತಾಗಿದರೆ ಬೆಳಿಗ್ಗೆ ದನಿ ಭಾರವಾಗಿರುತ್ತದೆ. ಮಲಗುವ ಎರಡು ಮೂರು ತಾಸು ಮೊದಲೇ ಊಟ ಮುಗಿಸುವುದು ಒಳ್ಳೆಯದು. ದನಿ ಒಡೆದು ಮೂರು ನಾಲ್ಕು ವಾರವಾದರೂ ಸರಿಹೋಗದಿದ್ದರೆ ಜೇಷ್ಠಮಧು ಚೀಪುತ್ತ ಕೂರದೆ ಕಿವಿ-ಮೂಗು-ಗಂಟಲಿನ ವೈದ್ಯರಲ್ಲಿ ಹೋಗಿ ಧ್ವನಿಪೆಟ್ಟಿಗೆಯನ್ನು ಕ್ಯಾಮೆರಾದಲ್ಲಿ ನೋಡಿಸಬೇಕು. ತಂತುಗಳ ಮೇಲೆ ಗಂಟು ಕಂಡರೂ ಮೊದಲ ಚಿಕಿತ್ಸೆ ದನಿಗೆ ವಿಶ್ರಾಂತಿ ಮತ್ತು ಧ್ವನಿ ಚಿಕಿತ್ಸೆ. ಬಹಳಷ್ಟು ಸಲ ಅಷ್ಟಕ್ಕೇ ಗುಣವಾಗುತ್ತದೆ. ವೈದ್ಯರ ಮಾತು ಕೇಳಿ ಒಂದು ತಿಂಗಳು ಹಾಡದಿದ್ದರೆ ಹಾಜರಿ ಕೊಡುವ ಕಾಲೇಜೋ ಅಲ್ಲವೋ ಎಂಬುದೂ ಕೇಳಿಡಬೇಕಾದ ಸಂಗತಿ.

ಪದವಿ ಬೇರೆ ಕಟ್ಟಿಡಿ

"ಇದನ್ನ ಓದಿದ್ರ ನೌಕರಿ ಹತ್ತತೈತೇನ್ರಿ?" ಎನ್ನುವ ಅಪ್ಪನ ಪ್ರಶ್ನೆಯನ್ನು ಸಂಗೀತದವರು ಕೀಳಾಗಿ ನೋಡುತ್ತಾರೆ. ನೋಡಬಾರದು. ಆದರೆ ದನಿಯ ಪ್ರಶ್ನೆಯನ್ನೂ ಪದವಿಯ ಪ್ರಶ್ನೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದಲೇ ಆಯ್ಕೆ ಕಗ್ಗಂಟಾಗುವುದು. ನಮ್ಮ ಭಾಗದಲ್ಲಿ ಇವೆರಡನ್ನೂ ಬೇರೆ ಬೇರೆ ಜಾಗದಲ್ಲಿ ಪಡೆಯಲು ಬರುತ್ತದೆ. ಮಿರಜದಲ್ಲಿ ಕೇಂದ್ರವಿರುವ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಗಳಿವೆ: ಪ್ರಾರಂಭಿಕದಿಂದ ಅಲಂಕಾರ ಪೂರ್ಣದವರೆಗೆ ಒಂಬತ್ತು ಮೆಟ್ಟಿಲು, ವರ್ಷಕ್ಕೆ ಎರಡು ಸಲ. ಊರಿನ ಗುರುಗಳ ಹತ್ತಿರ ಕಲಿಯುತ್ತ, ಲಿಂಗರಾಜ ಕಾಲೇಜಿನಲ್ಲೋ ಬಸವೇಶ್ವರ ಕಾಲೇಜಿನಲ್ಲೋ ಬಿಎ ಮಾಡುತ್ತ ಆ ಮೆಟ್ಟಿಲುಗಳಲ್ಲಿ ವಿಶಾರದ ಎಂಬುದರವರೆಗೆ ಮುಗಿಸಬಹುದು. ಯಾವುದೇ ಪದವಿಯ ಜೊತೆಗೆ ವಿಶಾರದ ಇದ್ದರೆ ಸಂಗೀತದ ಎಂಎಗೆ ತೆಗೆದುಕೊಳ್ಳುವ ವಿಶ್ವವಿದ್ಯಾಲಯಗಳಿವೆ. ವಿಶಾರದ ಅಂದರೆ ಪದವಿಯೇ ಎಂದು ಯಾರಾದರೂ ಹೇಳಿದರೆ ಮಾತ್ರ ನಂಬದೆ, ಆಯಾ ವಿಶ್ವವಿದ್ಯಾಲಯದ ಪ್ರಾಸ್ಪೆಕ್ಟಸ್ ತೆರೆದು ಅರ್ಹತೆಯ ಸಾಲು ಓದಬೇಕು.

ಮೇಷ್ಟ್ರಾಗುವ ಗುರಿ ಇದ್ದರೆ ದಾರಿ ಗೊತ್ತಿರುವುದೇ: ಸಂಗೀತದಲ್ಲಿ ಸ್ನಾತಕೋತ್ತರ, 55 ಶೇಕಡಾ, ನೆಟ್ ಅಥವಾ ಕೆಸೆಟ್ ಎಂಬ ಅಧ್ಯಾಪಕರ ಅರ್ಹತಾ ಪರೀಕ್ಷೆ. ಕಡಿಮೆ ಜನರಿಗೆ ಗೊತ್ತಿರುವುದು, ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಕಲಾವಿದರಿಗೆಂದೇ ಒಂದು ಪಕ್ಕದ ಬಾಗಿಲಿದೆ. ಪದವಿಯ ಜೊತೆಗೆ ಹೆಸರಾಂತ ಗುರುಗಳಲ್ಲಿ ಕಲಿತಿದ್ದು ಆಕಾಶವಾಣಿ ಅಥವಾ ದೂರದರ್ಶನದ 'ಎ' ಗ್ರೇಡ್ ಇದ್ದವರನ್ನು ಸಂಗೀತದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪರಿಗಣಿಸಲು ಅದರಲ್ಲಿ ಅವಕಾಶವಿದೆ. ಆಕಾಶವಾಣಿಯ ಏಣಿ 'ಬಿ'ಯಿಂದ ಶುರುವಾಗಿ 'ಬಿ ಹೈ', 'ಎ', 'ಟಾಪ್' ಎಂದು ಏರುತ್ತದೆ. 'ಎ' ಎಂದರೆ ಹುಡುಗಾಟವಲ್ಲ, ವರ್ಷಗಳ ಮಾತು. ಆದರೂ ದನಿಗಾಗಿ ಕಳೆದ ವರ್ಷಗಳು ನೌಕರಿಯ ಲೆಕ್ಕದಲ್ಲೂ ಪೂರ್ತಿ ವ್ಯರ್ಥವಲ್ಲ ಎಂದು ಅಪ್ಪನಿಗೆ ಹೇಳಲು ಇದೊಂದು ಆಧಾರ. ಹಣಕ್ಕೆ, 10ರಿಂದ 14 ವಯಸ್ಸಿನವರಿಗೆ ಕೇಂದ್ರ ಸರಕಾರದ ಸಂಸ್ಥೆಯಾದ ಸಿಸಿಆರ್‌ಟಿ ವಿದ್ಯಾರ್ಥಿವೇತನ, 18ರಿಂದ 25ರವರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ ಇವೆ. ಎರಡನೆಯದರಲ್ಲಿ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ಕೊಡುತ್ತಾರೆ, ಅದೂ ಗುರುಗಳ ಹತ್ತಿರ ಕಲಿಯುವುದಕ್ಕೇ.

ಪದವಿ ಕೋರ್ಸುಗಳ ದೊಡ್ಡ ತೊಂದರೆ ರಾಗಗಳ ಸಂಖ್ಯೆ. ಹದಿನೈದು ವಾರದ ಸೆಮಿಸ್ಟರಿಗೆ ಐದು ರಾಗ ಇಟ್ಟರೆ ರಾಗಕ್ಕೆ ಮೂರು ವಾರ. ಮೂರು ವಾರದಲ್ಲಿ ಆಗುವುದು ಒಂದು ಚೀಜ್ (ರಾಗದ ಹಾಡು), ಐದು ಆಲಾಪ, ಐದು ತಾನು ಬಾಯಿಪಾಠ. ಪರೀಕ್ಷೆಯಲ್ಲಿ ಅದೇ ಕ್ರಮದಲ್ಲಿ ಬಂದು ಹೋಗುತ್ತದೆ, ಅಂಕವೂ ಬರುತ್ತದೆ. ಆರನೆಯ ಆಲಾಪ ಹಾಡು ಎಂದರೆ ಮೌನ. ಒಳ್ಳೆಯ ವಿಭಾಗಗಳಲ್ಲಿ ಗುರುಗಳು ಐದರಲ್ಲಿ ಒಂದನ್ನು ಹಿಡಿದು ಇಡೀ ಸೆಮಿಸ್ಟರ್ ತಿಕ್ಕುತ್ತಾರೆ, ಉಳಿದ ನಾಲ್ಕನ್ನು ಪರೀಕ್ಷೆಗೆ ಸಾಕಾಗುವಷ್ಟು ಮುಗಿಸುತ್ತಾರೆ. ಪಠ್ಯಕ್ರಮದ ಲೆಕ್ಕದಲ್ಲಿ ಅದು ಸರಿಯಲ್ಲದಿರಬಹುದು. ನನಗೆ ಅವರೇ ಸರಿ.

ಹೆಸರುಗಳು

ಹತ್ತಿರದವು ಎಲ್ಲರಿಗೂ ಗೊತ್ತು: ಬೆಳಗಾವಿಯಲ್ಲಿ ಕೆಎಲ್‌ಇ ಸಂಗೀತ ಶಾಲೆ, ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಕಾಲೇಜು, ಗದಗಿನ ವೀರೇಶ್ವರ ಪುಣ್ಯಾಶ್ರಮ, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಗುರುಕುಲ. ಕೊನೆಯ ಎರಡನ್ನೂ ಕಾಲೇಜಿನ ಅಳತೆಯಿಂದ ಅಳೆಯಬಾರದು. ಪುಣ್ಯಾಶ್ರಮದಲ್ಲಿ ಅಂಧರು, ಬಡವರು ಊಟ ವಸತಿಯ ಚಿಂತೆಯಿಲ್ಲದೆ ಕಲಿತು ಗವಾಯಿಗಳಾದ ಪರಂಪರೆ ಇದೆ. ನಸುಕಿನಿಂದ ರಾತ್ರಿಯವರೆಗೆ ಕಿವಿಗೆ ಬೀಳುವುದೆಲ್ಲ ಸಂಗೀತವೇ. ಗುರುಕುಲದಲ್ಲಿ ಗುರುಗಳ ಜೊತೆ ಇದ್ದು ಕಲಿಯುವ ವ್ಯವಸ್ಥೆ, ನನ್ನ ನಿಮಿಷದ ಲೆಕ್ಕ ಅಲ್ಲಿ ಬೇರೆಯೇ ಆಗುತ್ತದೆ. ಕೋಲ್ಕತ್ತದ ಐಟಿಸಿ ಸಂಗೀತ ರಿಸರ್ಚ್ ಅಕಾಡೆಮಿಯೂ ಇದೇ ದಾರಿಯದು, ಆದರೆ ಅಲ್ಲಿ ಒಳಗೆ ಹೋಗಲು ಅಷ್ಟರಲ್ಲೇ ಗಟ್ಟಿ ಹಾಡುತ್ತಿರಬೇಕು. ಪುಣೆಯ ವಿಶ್ವವಿದ್ಯಾಲಯದ ಲಲಿತ ಕಲಾ ಕೇಂದ್ರ ಪದವಿಯ ಚೌಕಟ್ಟಿನೊಳಗೆ ಗುರುಗಳ ಪಾಠಕ್ಕೆ ಜಾಗ ಮಾಡಿಕೊಂಡಿದೆ. ಬರೋಡಾ, ಬನಾರಸ, ಖೈರಾಗಢ ದೂರದವು, ಭಾಷೆಯೂ ಬೇರೆ. ಪಿಯುಸಿ ಮುಗಿದ ಕೂಡಲೇ ಹೋಗುವುದಕ್ಕಿಂತ ಎಂಎಗೆ ಹೋಗುವುದು ಜಾಣತನ. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಗಂಗೂಬಾಯಿಯವರ ಹೆಸರಿದೆಯೆಂದು ಅರ್ಜಿ ಹಾಕುವವರು, ಹಿಂದೂಸ್ತಾನಿಯ ಖ್ಯಾಲ್ ಗಾಯನ ಯಾರು ಕಲಿಸುತ್ತಾರೆಂದು ಮೊದಲು ಕೇಳಿಕೊಳ್ಳಲಿ. ಆ ಊರಿನ ಗಾಳಿ ಕರ್ನಾಟಕ ಸಂಗೀತದ್ದು. ಪಾಶ್ಚಾತ್ಯ ಗಾಯನ ಬೇಕೆನ್ನುವವರಿಗೆ ಹತ್ತಿರದ್ದು ಪಣಜಿಯ ಕಲಾ ಅಕಾಡೆಮಿ.

ಘರಾಣೆಯ ಬಗ್ಗೆ ಒಂದು ಮಾತು. ವಿಭಾಗದಲ್ಲಿ ಮೂವರು ಗುರುಗಳು ಇರುತ್ತಾರೆ. ಸೋಮವಾರದವರು ಕಿರಾಣಾ, ಗಂಧಾರದಲ್ಲಿ ನಿಲ್ಲು, ಅವಸರ ಬೇಡ ಅನ್ನುತ್ತಾರೆ. ಮಂಗಳವಾರದವರು ಜೈಪುರ; ಹಾಗೆ ತೇಲಬೇಡ, ಲಯದೊಳಗೆ ಕಟ್ಟು ಅನ್ನುತ್ತಾರೆ. ಇಬ್ಬರೂ ಸರಿ, ಹುಡುಗಿ ಮಾತ್ರ ಎಲ್ಲಿಯೂ ಇಲ್ಲ. ಹೀಗಾದಾಗ ಸುಳೇಭಾವಿಯ ಗಾಯಕ ಕುಮಾರ ಗಂಧರ್ವರ ಉದಾಹರಣೆ ಕೊಡುತ್ತಾರೆ: ಮುಂಬಯಿಯಲ್ಲಿ ಪ್ರೊ. ಬಿ. ಆರ್. ದೇವಧರರ ಶಾಲೆಯಲ್ಲಿ ಎಷ್ಟೋ ಘರಾಣೆಗಳ ಚೀಜು ಕಲಿಯಲಿಲ್ಲವೇ ಎಂದು. ಕಲಿತರು. ಆದರೆ ಅವೆಲ್ಲವನ್ನೂ ಜರಡಿ ಹಿಡಿದು ಕೊಡಲು ದೇವಧರರೊಬ್ಬರು ಅಲ್ಲಿದ್ದರು. ಮೂರು ಘರಾಣೆಗಳ ಕಾಲೇಜಿಗೆ ಸೇರಬಹುದು. ಮೊದಲ ಎರಡು ವರ್ಷ ದನಿಯ ಜವಾಬ್ದಾರಿ ಒಬ್ಬರದೇ ಇರುತ್ತದೆಯೇ, ಆ ಒಬ್ಬರು ಕಾಯಂ ನೌಕರಿಯವರೇ ಅಥವಾ ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಗೊತ್ತಿಲ್ಲದ ಅತಿಥಿ ಉಪನ್ಯಾಸಕರೇ ಎಂದು ತಿಳಿದುಕೊಂಡು ಸೇರಬೇಕು. ಅತಿಥಿ ಉಪನ್ಯಾಸಕರಲ್ಲಿ ಬಹಳ ಒಳ್ಳೆಯ ಹಾಡುಗಾರರಿದ್ದಾರೆ. ಆದರೆ ಸೆಮಿಸ್ಟರಿನ ನಡುವೆ ಅವರು ಬಿಟ್ಟು ಹೋದರೆ ಮಗುವಿನ ಆಲಾಪವೂ ನಡುವೆಯೇ ನಿಲ್ಲುತ್ತದೆ.

ಹೊಸ ತಂಬೂರಿಯನ್ನು ಪ್ರವೇಶದ ಸಂಭ್ರಮದಲ್ಲೇ ಕೊಳ್ಳುವುದು ಬೇಡ. ತಂತಿಯ ದಪ್ಪ, ಸೋರೆ ಬುರುಡೆಯ ಗಾತ್ರ ಎರಡೂ ಪಟ್ಟಿಗೆ ತಕ್ಕಂತೆ ಇರುತ್ತವೆ. ಕರಿ ನಾಲ್ಕಕ್ಕೆ ಮಾಡಿಸಿದ್ದನ್ನು ಕರಿ ಎರಡಕ್ಕೆ ಇಳಿಸಿದರೆ ತಂತಿ ಸಡಿಲಾಗಿ ಜವಾರಿ ಸಾಯುತ್ತದೆ. ಒಂದು ವರ್ಷ ಪಾಠವಾಗಿ ಪಟ್ಟಿ ನಿಂತ ಮೇಲೆ ತಂಬೂರಿ ತಯಾರಿಗೆ ಹೆಸರಾದ ಮಿರಜಕ್ಕೆ ಹೋಗಿ, ಕೂತು ಕೇಳಿ ತಂದರಾಯಿತು. 2024ರಲ್ಲಿ ಅಲ್ಲಿನ ತಂಬೂರಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂದಿದ್ದರಿಂದ ಮಿರಜದ ಹೆಸರಿಗೆ ಈಗ ಕಾಗದವೂ ಇದೆ, ಕಿವಿಯೇ ಮುಖ್ಯವಾದರೂ.

ಊರಿನ ಗುರುಗಳಿಗೆ ವಿಷಯ ತಿಳಿಸುವುದನ್ನು ಬಹಳ ಮನೆಯವರು ಕೊನೆಗೆ ಇಡುತ್ತಾರೆ, ಸೀಟು ಸಿಕ್ಕಮೇಲೆ ಪೇಡೆ ಹಿಡಿದು ಹೋಗುತ್ತಾರೆ. ಅರ್ಜಿ ಹಾಕುವ ಮೊದಲೇ ಹೋಗಿ, "ಬುವಾ, ಇಂಥಾ ಕಡೆ ಹಚ್ಚಬೇಕಂತ ಮಾಡೇವ್ರಿ, ನೀವೇನಂತೀರಿ?" ಎಂದು ಕೇಳುವುದು ಮರ್ಯಾದೆಗಷ್ಟೇ ಅಲ್ಲ. ಆ ದನಿಯನ್ನು ಹತ್ತನೇ ವಯಸ್ಸಿನಿಂದ ಕೇಳಿದವರು ಅವರೊಬ್ಬರೇ. ಎಲ್ಲಿ ತಡೆಯುತ್ತದೆ, ಯಾವ ತಿಂಗಳಲ್ಲಿ ಗಂಟಲು ಕೂರುತ್ತದೆ ಎಂದು ಅವರಿಗೆ ಗೊತ್ತು. ಆ ಕಾಲೇಜಿನಲ್ಲಿ ಯಾರು ನಿಜವಾಗಿ ಕಲಿಸುತ್ತಾರೆ, ಯಾರು ಹಾಜರಿ ಹಾಕಿ ಹೋಗುತ್ತಾರೆ ಎಂಬುದೂ ಗೊತ್ತು. ರಜೆಯಲ್ಲಿ ಬಂದಾಗ ಅವರ ಮುಂದೆ ಕೂತು ಹಾಡಲಿ, ಆದರೆ ಕಾಲೇಜಿನಲ್ಲಿ ಆ ಹೊತ್ತಿಗೆ ನಡೆಯುತ್ತಿರುವ ರಾಗವನ್ನೇ ಅವರ ಹತ್ತಿರವೂ ತಿದ್ದಿಸಿಕೊಳ್ಳುವುದು ಬೇಡ. ಅಲ್ಲಿ ಪೂರಿಯಾ ನಡೆದಿದ್ದರೆ ಇಲ್ಲಿ ಹಳೆಯ ಭೂಪವೇ ಸಾಕು.